ನೀರಾಗದೆ

ಅಗ್ನಿಯಾ ಪ್ರೋಖೊರೊವ್ನಾ ಮೊದಲ ದಿನ
ನನ್ನನ್ನು ಪ್ರಯೋಗಾಲಯಕ್ಕೆ ಒಯ್ಯಲಿಲ್ಲ.
ಐದನೇ ಮಹಡಿಯ ತನ್ನ ಬಾಲ್ಕನಿಗೆ ಕರೆದು
ತಂತಿಯ ಮೇಲೆ ಹಲಗೆಯ ಹಾಗೆ ಸೆಟೆದು ನಿಂತ
ಗಂಡಸರ ಅಂಗಿಯೊಂದನ್ನು ಬೆರಳಿಂದ ತಟ್ಟಿದಳು.
ಟಕ್ ಟಕ್.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
"ನಾಳಿದ್ದು ಇದು ಒಣಗಿರುತ್ತೆ ತಾಸ್ಯಾ,
ಒಂದು ಹನಿಯೂ ತೊಟ್ಟಿಕ್ಕದೆ.
ಹೇಗೆ ಅನ್ನೋದು ತಲೆಗೆ ಹೋದರೆ
ಮಿಕ್ಕಿದ್ದು ಬರೀ ಪಾತ್ರೆ ತೊಳೆಯೋ ಕೆಲಸ."

ಬಹುಪಾಲು ಪಾತ್ರೆ ತೊಳೆಯುವುದೇ, ನಿಜ.
ಪಾಲಿಮರು ಒಂದು ಚಿಟಿಕೆ,
ಕರ್ಪೂರದ ದಾಯಾದಿಯಂತೆ ನಾರುವ ದ್ರಾವಕ ಒಂದು ಸೀಸೆ.
ಕಾಯಿಸು, ಕಲಕು, ಚಿಟಿಕೆ ಕಾಣೆಯಾಗುವವರೆಗೆ ಕೂತಿರು.
ಆಮೇಲೆ ದ್ರವ ಸಾರಜನಕದಲ್ಲಿ ಒಂದೇ ಅದ್ದು.
ಹೆಪ್ಪುಗಟ್ಟುವ ದ್ರಾವಕ ತನ್ನ ಹರಳು ಬೆಳೆಸುತ್ತ
ಪಾಲಿಮರನ್ನು ಸಂದಿಗೆ ತಳ್ಳುತ್ತದೆ,
ಬೆಳಗಿನ ಏಳರ ಬಸ್ಸಿನಲ್ಲಿ ದಪ್ಪ ಕೋಟುಗಳು
ನನ್ನನ್ನು ಕಿಟಕಿಗೆ ಒತ್ತಿದ ಹಾಗೆ.
ಆ ಇಕ್ಕಟ್ಟೇ ಮುಂದೆ ಕಂಬ, ತೊಲೆ, ಗೋಡೆ.

ಇನ್ನು ಒತ್ತಿದವರು ಇಳಿದು ಹೋಗಬೇಕು.
ಎಡವಿದ್ದು ಇಲ್ಲೇ, ಹನ್ನೊಂದು ಸಲ.
ಪಂಪು ಕೆಮ್ಮಿತು, ಇಲ್ಲವೇ ನಾನು ಅವಸರಪಟ್ಟೆ,
ಗಟ್ಟಿಯಿದ್ದದ್ದು ಆವಿಯಾಗುವ ಮುನ್ನ
ಎಲ್ಲೋ ಒಂದು ಗಳಿಗೆ ನೀರಾಯಿತು.
ನೀರಾದದ್ದು ಸುಮ್ಮನೆ ಹೊರಡದು,
ಗೋಡೆಗಳ ಸೆರಗು ಹಿಡಿದು ಜಗ್ಗುತ್ತದೆ.
ಬೆಳಿಗ್ಗೆ ಮುಚ್ಚಳ ತೆಗೆದರೆ ತಳದಲ್ಲಿ
ಒಣಗಿದ ಹಾಲುಕೆನೆಯಂಥ ಸುಕ್ಕು.
ಅವಳು ಬಯ್ಯಲಿಲ್ಲ. ಒಂದೊಂದೂ ಸುಕ್ಕನ್ನು ಚಿಮುಟದಲ್ಲಿ ಎತ್ತಿ
ಸಾಸಿವೆಯ ಹಳೇ ಡಬ್ಬಿಗೆ ಹಾಕಿದಳು.
ಯಾಕೆ ಎಂದು ಹೇಳಲಿಲ್ಲ.

ಹನ್ನೆರಡನೆಯದು ನಿಂತಿತು.

ಹೆಬ್ಬೆರಳಿನ ಉಗುರಗಲ. ಬಿಳಿ ಎಂದರೆ ಹೆಚ್ಚಾಗುವ ಬಿಳಿ.
ಒಳಗೆ ಲೆಕ್ಕಕ್ಕೆ ಸಿಗದಷ್ಟು ಕೋಣೆ,
ಎಲ್ಲಕ್ಕೂ ಬಾಗಿಲು, ಒಂದಕ್ಕೂ ಕದವಿಲ್ಲ.
"ಸಾಬೂನಿನ ಗುಳ್ಳೆ ತನ್ನ ಗಾಳಿಯನ್ನ ಬಚ್ಚಿಟ್ಟುಕೊಳ್ಳುತ್ತೆ,
ಇದಕ್ಕೆ ಸ್ವಂತದ ಗಾಳಿಯೇ ಇಲ್ಲ," ಅಂದಳು,
"ಒಳಗಿರೋದೂ ಈ ರೂಮಿನದೇ."
ತಕ್ಕಡಿಯ ಗಾಜಿನ ಗೂಡಿನಲ್ಲಿಟ್ಟು
ಇಬ್ಬರೂ ಉಸಿರು ಹಿಡಿದೆವು.
ಇಂಥವು ಅರವತ್ತು ಸೇರಿದರೆ ಒಂದು ಗುಲಗಂಜಿ.
ಹೊರತೆಗೆಯುವಾಗ ನನ್ನ ಉಣ್ಣೆಯ ತೋಳು ಅದನ್ನು ಸೆಳೆದುಕೊಂಡಿತು.
ಅದನ್ನು ಬಿಡಿಸಲು ಅವಳಿಗೆ ಮುಕ್ಕಾಲು ಗಂಟೆ,
ಒಂದು ಬೆಕ್ಕಿನ ಮೀಸೆ.
ಅಂದಿನಿಂದ ಜನವರಿಯಲ್ಲೂ ನನಗೆ ಹತ್ತಿಬಟ್ಟೆಯೇ ಗತಿ.

ಪಕ್ಕದ ಕಟ್ಟಡದವರು ಬೆಂಕಿಪೊಟ್ಟಣದಲ್ಲಿ ಒಯ್ದರು.
ಕವಾಟದೊಳಗೆ ಕೂರಿಸಿ, ಎರಡು ಕಡೆಯಿಂದ ಬೆಳಕು ಹೊಡೆದರು.
ಕಣ್ಣೆವೆ ಕೆಳಗಿಳಿಯಲು ಹೊರಡುವ ಮುನ್ನವೇ
ಆರು ವಾರ ಮುಗಿದಿತ್ತು.
ರಿಜಿಸ್ಟರಿನಲ್ಲಿ ಬರೆದಳು: ಸಂಖ್ಯೆ ೧೨, ಖರ್ಚು.
ನನ್ನ ಕಣ್ಣು ತುಂಬಿದ್ದನ್ನು ನೋಡಿ
ಗಾಬರಿಯಿಂದ ಬಾಗಿಲು ತೋರಿಸಿದಳು:
"ಇಲ್ಲಿ ಬೇಡ, ಇಲ್ಲಿ ಬೇಡ. ತೇವ."

ಆ ಮನೆಗೆ ನಾನು ನಾಲ್ಕು ಚಳಿಗಾಲ ಹೋದೆ.
ಬೋರ್ಷ್ ಬಡಿಸುತ್ತಿದ್ದಳು, ಇಬ್ಬರಿಗೆ.
ಅಂಗಿ ವಾರಕ್ಕೊಮ್ಮೆ ತಂತಿಯ ಮೇಲಿರುತ್ತಿತ್ತು,
ಅದೇ ಅಂಗಿ, ಕಾಲರು ಮಾಸದ್ದು.
ಅದನ್ನು ತೊಡುವವನನ್ನು ಕಾಣಲಿಲ್ಲ.
ನಾನೂ ಕೇಳಲಿಲ್ಲ. ಅವಳೂ
ಹೊರಗೆ ನೋಡುತ್ತ ಬ್ರೆಡ್ಡು ಮುರಿಯುತ್ತಿದ್ದಳು.

ಸಾಸಿವೆ ಡಬ್ಬಿ ಈಗ ನನ್ನ ಕಪಾಟಿನಲ್ಲಿದೆ.
ನಿಂತವೆಲ್ಲ ಬೆಳಕಿಗೆ ಹೋದವು,
ಇನ್ನೂರಹದಿನಾಲ್ಕು, ರಿಜಿಸ್ಟರಿನ ಪ್ರಕಾರ.
ನಾವು ಮಾಡಿದ್ದರಲ್ಲಿ ಉಳಿದಿರುವುದು ಕುಸಿದವು ಮಾತ್ರ.
ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ
ಸದ್ದು ಮಾಡುತ್ತವೆ,
ಸ್ವಲ್ಪ.