ಮೀಟರ್ ಸುಳ್ಳು ಹೇಳಿರಲಿಲ್ಲ

ಜುಲೈಯಲ್ಲಿ ಮುಹರ್ರಕ್‌ನ ಗಲ್ಲಿ ಗಲ್ಲಿಯಿಂದ
ತಂಪು ಮಾಡು ಎಂದೇ ನನಗೆ ಕರೆ.
ಗ್ಯಾಸ್ ತುಂಬು, ಕಾಯಿಲ್ ತೊಳೆ, ಹದಿನೆಂಟಕ್ಕಿಳಿಸು.
ಆ ಮಂಗಳವಾರದ ಫೋನು ಮಾತ್ರ ಬೇರೆ:
"ಬಿಸಿ ಸಾಲುತ್ತಿಲ್ಲ, ಬೇಗ ಬನ್ನಿ."
ರಾಂಗ್ ನಂಬರು ಅಂದುಕೊಂಡೆ.

ಮೂರನೇ ಮಹಡಿ. ಬಾಗಿಲು ತೆರೆದವಳು ಮುನೀರಾ,
ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ,
ಅರ್ಧ ಹಿಂದಿ, ಇನ್ನರ್ಧ ಕೈಸನ್ನೆ.
ಹಾಲ್‌ನ ಎಸಿ ಹೋದ ವರ್ಷ ನಾನೇ ಕೂರಿಸಿದ್ದು,
ಹಲ್ಲು ಕಟಕಟಿಸುವಂತೆ ಊದುತ್ತಿತ್ತು.
ಅದರ ಕೆಳಗೇ ಗಾಜಿನ ಪೆಟ್ಟಿಗೆ,
ಒಳಗೆ ಸಿಂಬಿಯಂತೆ ಸುತ್ತಿಕೊಂಡು
ಕಂದು ಮಚ್ಚೆಯ ಬಾಲ್ ಪೈಥಾನ್.
ಹೆಸರು ಲೂಲುವಾ. ಅಂದರೆ ಮುತ್ತು.
ಐದು ವಾರದಿಂದ ಇಲಿ ಮುಟ್ಟಿಲ್ಲ ಮುತ್ತು.

ಊರಲ್ಲಿ ಅಮ್ಮ ನಾಗನಿಗೆ ತನು ಎರೆಸುತ್ತಾಳೆ,
ಹಾಲು, ಎಳನೀರು, ತಂಪಾಗಲಿ ಎಂದು.
ತಂಪಿನದೇ ಕಸುಬು ಹಿಡಿದ ಮಗ
ಇಲ್ಲಿ ಮಂಡಿಯೂರಿ ಹಾವಿಗೆ ಕಾವು ಹೊಂದಿಸುತ್ತಿದ್ದೇನೆ.
ಇದನ್ನು ಶುಕ್ರವಾರದ ಫೋನಿನಲ್ಲಿ ಹೇಳಲಾರೆ.

ಬಿಸಿ ಮೂಲೆಗೆ ಮೂವತ್ತೊಂದು ಬೇಕಂತೆ,
ತಣ್ಣನೆ ಮೂಲೆಗೆ ಇಪ್ಪತ್ತಾರು.
ಮೈಯೊಳಗೆ ಒಲೆಯಿಲ್ಲದ ಜೀವ,
ಎರಡು ಮೂಲೆ ನಡುವೆ ಹರಿದಾಡಿ
ತನ್ನ ಹದ ತಾನೇ ಹುಡುಕಿಕೊಳ್ಳುತ್ತದೆ.
ಮೀಟರಿನಲ್ಲಿ ಇಪ್ಪತ್ತಮೂರು, ಮೇಲೇರುತ್ತಲೇ ಇಲ್ಲ.
"ಎರಡನೇ ಹೀಟ್ ಮ್ಯಾಟೂ ತಂದು ಹಾಕಿದೆ" ಎಂದಳು.

ಚೀಲದಿಂದ ಗನ್ ತೆಗೆದೆ.
ಕೊರೊನಾ ವರ್ಷ ಕ್ಯಾಂಪಿನ ಗೇಟಿನಲ್ಲಿ
ಇಂಥದ್ದನ್ನೇ ನಮ್ಮ ಹಣೆಗೆ ಹಿಡಿಯುತ್ತಿದ್ದರು.
ಗಾಜಿನ ಹೊರಗಿಂದ ಗುರಿ ಹಿಡಿದರೆ ಇಪ್ಪತ್ತೊಂದು:
ಅದು ಗಾಜಿನ ಮೈಬಿಸಿ, ಹಾವಿನದಲ್ಲ.
ಮುಚ್ಚಳ ತೆಗೆದು ನೆಲಕ್ಕೆ ಹಿಡಿದೆ.
ನಲವತ್ತಾರು.
ನಂಬದೆ ನನ್ನ ಅಂಗೈಗೆ ಹಿಡಿದು ನೋಡಿದೆ, ಮೂವತ್ತಮೂರು.
ಮತ್ತೆ ನೆಲ. ನಲವತ್ತಾರು.

ಟೇಪು ಬಿಟ್ಟುಕೊಂಡು ಸೆನ್ಸರ್ ವೈರು
ನೀರಿನ ಬಟ್ಟಲಲ್ಲಿ ತಲೆ ಇಟ್ಟು ಮಲಗಿತ್ತು.
ನೀರಿನ ಇಪ್ಪತ್ತಮೂರನ್ನು ಇಪ್ಪತ್ತಮೂರೆಂದೇ ಹೇಳುತ್ತ
ಸಾಲದು, ಸಾಲದು ಎಂದು ಮ್ಯಾಟನ್ನು ಉರಿಸುತ್ತಿತ್ತು.

ಮುನೀರಾ ಎರಡೂ ಕೈಯಲ್ಲಿ ಎತ್ತಿ ಹೊಟ್ಟೆ ತೋರಿಸಿದಳು.
ನಾಲ್ಕು ಹುರುಪೆ ಬೆಂದು ಗುಲಾಬಿಯಾಗಿದ್ದವು.
"ಸರಿದುಹೋಗಬಾರದಿತ್ತೇ?" ಎಂದೆ.
ಬಿಸಿಲು ಮೇಲಿನಿಂದ ಬರುತ್ತದೆಂದು ಕಲಿತ ಜಾತಿಯಂತೆ,
ಕೆಳಗಿನ ಬೆಂಕಿ ಅದಕ್ಕೆ ತಡವಾಗಿ ತಿಳಿಯುತ್ತದಂತೆ.

ಹೋದ ಆಗಸ್ಟ್, ರಿಫಾದ ಒಂದು ತಾರಸಿ.
ಮಧ್ಯಾಹ್ನದ ರಜೆ ನಾಲ್ಕಕ್ಕೆ ಮುಗಿದಿತ್ತು.
ಸೂಪರ್‌ವೈಸರ್ ಫೋನ್ ತೋರಿಸಿದ: ನಲವತ್ತೊಂದು, ನಿನ್ನೆಗಿಂತ ಕಮ್ಮಿ.
ಅದು ವಿಮಾನ ನಿಲ್ದಾಣದ ನೆರಳಿನ ಲೆಕ್ಕ.
ಹನ್ನೆರಡು ಯೂನಿಟ್ಟುಗಳು ಬಿಸಿಯುಸಿರು ಬಿಡುವ ಸಂದಿನಲ್ಲಿ
ಸ್ಪ್ಯಾನರ್ ಹಿಡಿದೇ ಕೂತುಬಿಟ್ಟ ದೇಜಪ್ಪ.
ಬೆವರು ನಿಂತಿತ್ತು. ನಾವು ಅದನ್ನು
ಆರಾಮಾಗಿದ್ದಾನೆ ಎಂದು ಓದಿಕೊಂಡೆವು.
ಈಗ ಕಾಪುವಿನಲ್ಲಿ ಮೀನಿಗೆ ಐಸು ಮಾರುತ್ತಾನೆ,
ಹೆಸರು ಕೂಗಿದರೆ ಕೊಂಚ ತಡೆದು ತಿರುಗುತ್ತಾನೆ.

ಒಂದು ಮ್ಯಾಟು ಕಿತ್ತೆ.
ಸೆನ್ಸರನ್ನು ಹಾವು ಮಲಗುವ ಜಾಗಕ್ಕೇ ಒತ್ತಿ
ಅಲ್ಯೂಮಿನಿಯಂ ಟೇಪು ಮೂರು ಸುತ್ತು ಬಿಗಿದೆ.
ಎಸಿಯ ರೆಕ್ಕೆಯನ್ನು ಗೋಡೆಯ ಕಡೆ ತಿರುಗಿಸಿದೆ.
ಹೊರಗೆ ನಲವತ್ತಮೂರು, ಒಳಗೆ ಇಪ್ಪತ್ತು,
ಇಪ್ಪತ್ತರೊಳಗೆ ಒಂದು ಅಂಗೈಯಗಲ ಮೂವತ್ತೊಂದು:
ಮೂರಕ್ಕೂ ಒಂದೇ ಕರೆಂಟು ಬಿಲ್ಲು.
ಏಲಕ್ಕಿ ಚಹಾ ಎರಡು ಸಲ ಬಂತು.
ಮೂವತ್ತೆಂಟು. ಮೂವತ್ತನಾಲ್ಕು.
ಮೂವತ್ತೊಂದು ಎಂದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ,
ಅವಳು ನೋಟ್‌ಬುಕ್ಕಿನಲ್ಲಿ ಗಂಟೆ ಬರೆದಳು,
ಮುಲಾಮು ಹುಡುಕಲು ಎದ್ದಳು.

ಮರುದಿನ ತಾರಸಿ ಹತ್ತುವ ಮುನ್ನ
ಬಾಗಿಲ ಸಂದಿಯಿಂದ ತಗಡಿಗೆ ಗನ್ ಹಿಡಿದೆ.
ಮೆಟ್ಟಿಲಲ್ಲಿ ಶಿರೂರಿನ ಹೊಸ ಹುಡುಗ ಫೌಝಾನ್,
"ಎಷ್ಟಣ್ಣ ಇವತ್ತು?"
"ಎಲ್ಲಿ?" ಎಂದು ಕೇಳಿದೆ.
ಅವನಿಗೆ ಅರ್ಥವಾಗಲಿಲ್ಲ. ಗನ್ ಅವನ ಕೈಗೇ ಕೊಟ್ಟೆ.
ತಗಡು, ಗೋಡೆ, ನೀರಿನ ಪೈಪು, ತನ್ನ ಬೂಟು,
ಒಂದೊಂದಾಗಿ ಹೊಡೆದು ಜೋರಾಗಿ ಓದತೊಡಗಿದ.
ಅರವತ್ತೇಳು ಎಂದಾಗ ದನಿ ಇಳಿಯಿತು.
ನೆರಳಿನಲ್ಲೇ ಕೂತೆವು, ಬಾಟಲಿ ನಡುವೆ ಇಟ್ಟುಕೊಂಡು.
ಸೂಪರ್‌ವೈಸರ್‌ನ ಫೋನು
ನನ್ನ ಜೇಬಿನಲ್ಲಿ ಎರಡು ಸಲ ಒದ್ದಾಡಿ ಸುಮ್ಮನಾಯಿತು.