ಎಷ್ಟು ಎತ್ತರದಾಗ ಐತಿ

ಯರಮರಸ್ ದಾಟಿದ ಮೇಲೆ, ಅಪ್ಪು ಡೌನು ಎರಡು ಲೈನಿನ ನಡುವೆ
ಜಲ್ಲಿಯಲ್ಲಿ ಜಲ್ಲಿಯಾಗಿ ನಾಲ್ಕು ಮೊಟ್ಟೆ.
ಚೂಪು ತುದಿ ಒಳಗೆ, ದುಂಡು ತುದಿ ಹೊರಗೆ,
ಬುತ್ತಿ ಬಿಚ್ಚಿ ಕೂತ ಗ್ಯಾಂಗಿನವರ ಹಾಗೆ.
ಬೂಟು ಊರುವ ಮುಂಚೆ ನೆತ್ತಿಯ ಮೇಲೆ ಅವಳ ಕೂಗು ಬಿತ್ತು,
ಇಲ್ಲದಿದ್ದರೆ ನಾಲ್ಕೂ ನನ್ನ ಲೆಕ್ಕಕ್ಕೆ.

ನಾನು ಕೀಮನ್. ಆರು ಕಿಲೋಮೀಟರ್ ಹೋಗುವುದು, ಆರು ಬರುವುದು.
ಸಡಿಲಾದ ಚಾವಿಗೆ ಒಂದೇಟು, ಬಿಗಿಯಿದ್ದದ್ದಕ್ಕೂ ಒಂದೇಟು.
ದನಿಯಲ್ಲೇ ತಿಳಿಯುತ್ತದೆ.

ದೇವಸುಗೂರಿನ ನಮ್ಮಜ್ಜಿ
ಟಿಟ್ಟಿಭದ ಮೊಟ್ಟೆ ನೋಡಿ ಬೀಜದ ಚೀಲ ಬಿಚ್ಚುತ್ತಿದ್ದಳು.
ಹಳ್ಳದೊಳಗಿದ್ದರೆ ಮಳೆ ಮುನಿದಿದೆ,
ದಿಬ್ಬದ ಮೇಲಿದ್ದರೆ ಈ ಸಲ ಹಳ್ಳ ಹೊರಳುತ್ತದೆ.
'ಎಷ್ಟು ಎತ್ತರದಾಗ ಐತೋ ಸಾಬಣ್ಣ?'
ಮೊಳ ಹಾಕಿ ಬಂದು ಹೇಳಬೇಕಿತ್ತು ನಾನು.

ಈಗ ಕೇಳಿದ್ದರೆ ಏನನ್ನಲಿ.
ಬೀಳುನೆಲಕ್ಕೆ ಕಲ್ಲು ನೆಟ್ಟು ಸೈಟು ಮಾಡಿದ್ದಾರೆ,
ಎರೆಹೊಲಕ್ಕೆ ಕಾಲುವೆ ಬಂದು ಭತ್ತ ನಿಂತಿದೆ,
ಕೆರೆಯ ಗರಸಿನ ದಂಡೆಗೆ ಹಾರುಬೂದಿ.
ನೆಲದ ಮೇಲಿಡುವ ಹಕ್ಕಿಗೆ ಉಳಿದ ನೆಲ
ಏರಿಯ ಮೇಲಿನ ಈ ಜಲ್ಲಿ.
ಎಲ್ಲ ಎತ್ತರದಲ್ಲೇ ಇಡುತ್ತಿವೆ, ಅಜ್ಜಿ.
ಮಳೆಗೆ ಮಾತ್ರ ಅದು ಗೊತ್ತಿಲ್ಲ.

ಮೇ ಎರಡನೆಯ ವಾರ. ಹಳಿಗಿಟ್ಟ ಥರ್ಮಾಮೀಟರು ಅರವತ್ತೆರಡು.
ಹೊತ್ತೇರಿದರೆ ಅವಳು ಕೂಡುವುದಿಲ್ಲ, ನಿಲ್ಲುತ್ತಾಳೆ,
ಬಾಯಿ ತೆರೆದು, ರೆಕ್ಕೆ ಸಡಿಲಿಸಿ,
ಮೊಟ್ಟೆಗಳ ಮೇಲೆ ಅಂಗೈಯಗಲದ ನೆರಳು.
ಗಂಡು ನೀರು ತರುತ್ತದೆ, ಕೊಕ್ಕಿನಲ್ಲಲ್ಲ,
ಹೊಟ್ಟೆಯ ಗರಿ ತೋಯಿಸಿಕೊಂಡು.
ಮೊದಲು ಸೇತುವೆಯ ಕೆಳಗೇ ನೀರಿತ್ತು.
ಈಗ ಎಲ್ಲಿಂದ ತರುತ್ತದೋ, ಬರುವಷ್ಟರಲ್ಲಿ ಅರ್ಧ ಆರಿರುತ್ತದೆ.
ಕಲ್ಲಿದ್ದಲಿನ ರೇಕು ಬಂದರೆ ಎರಡೂ ಹಾರಿ
ಐವತ್ತೆಂಟು ಡಬ್ಬಿ ದಾಟಿಸಿ ಇಳಿಯುತ್ತವೆ.

ನಾನು ಕಂಡ ಹತ್ತೊಂಬತ್ತನೆಯ ದಿನ ಎರಡು ಒಡೆದವು.
ಮೈ ಆರುತ್ತಲೇ ನಡೆದವು. ಕಾಲೇ ಜಾಸ್ತಿ, ಮೈ ಕಮ್ಮಿ.
ಹಳಿಯವರೆಗೆ ಬಂದು ನಿಂತವು.
ಅವುಗಳ ಪಾಲಿಗೆ ಅದು ಕಾದ ಗೋಡೆ.
ತಾಯಿ ಆಚೆಯಿಂದ ಕರೆಯುತ್ತಾಳೆ,
ಮರಿಗಳು ಈಚೆ ಉದ್ದಕ್ಕೆ ಓಡುತ್ತವೆ,
ರಾಯಚೂರಿನ ಕಡೆಗೊಮ್ಮೆ, ವಾಡಿಯ ಕಡೆಗೊಮ್ಮೆ.

ಇಂಥ ಬಿಸಿಲಲ್ಲಿ ಹಳಿಬುಡದ ಜಲ್ಲಿ ಮುಟ್ಟಬಾರದು.
ಹಳಿ ಹಿಗ್ಗಿ ಹಾವಾಗುತ್ತದೆ, ಮುಟ್ಟಿದವನ ನೌಕರಿ ಹೋಗುತ್ತದೆ.
ಹೊಸ ಹುಡುಗರಿಗೆ ನಾನೇ ಹೇಳುವ ಪಾಠ.

ಒಂದು ಬೊಗಸೆ ತೆಗೆದೆ.
ಎರಡು ಸ್ಲೀಪರಿನ ನಡುವೆ, ಮುಷ್ಟಿ ಹೋಗುವಷ್ಟು.
ಒಂದು ನುಸುಳಿತು. ಇನ್ನೊಂದು ಯೋಚನೆ ಮಾಡಿತು.
ಗಾಡಿಗೆ ಏಳು ನಿಮಿಷವಿತ್ತು.
ಟೋಪಿ ಬೀಸಿದೆ, ಅವ್ವ ಅಪ್ಪ ಹಿಡಿದು ಬೈದೆ. ಹೋಯಿತು.
ಜಲ್ಲಿ ತುಂಬಿ, ಬೂಟಿನಲ್ಲಿ ತುಳಿದು,
ಹಸಿರು ಬಾವುಟ ಹಿಡಿದು ನಿಂತೆ.

ಉಳಿದೆರಡನ್ನು ಮರುದಿನ ಕಿವಿಯ ಹತ್ತಿರ ಅಲುಗಿಸಿದೆ.
ಒಂದರಲ್ಲಿ ನೀರಿನ ಸದ್ದು.
ಇನ್ನೊಂದು ಗಟ್ಟಿ,
ಸ್ಟೇಷನ್ನಿನಲ್ಲಿ ಉಪ್ಪು ಖಾರ ಹಚ್ಚಿ ಮಾರುವಂಥದ್ದು.

ಡೈರಿಯಲ್ಲಿ ಬರೆದೆ: ಸಡಿಲ ಚಾವಿ ಮೂರು, ಉಳಿದಂತೆ ಸರಿ.
ಮನೆಗೆ ಇಳಿಯುವಾಗ, ಯಾರೂ ಕೇಳದಿದ್ದರೂ,
ಏರಿಗೆ ಮೊಳ ಹಾಕಿದೆ.
ಒಂಬತ್ತು ಮೊಳ. ಮೇಲೆ ಅರ್ಧ ಗೇಣು.