ಬಹುವಚನ

ನಮ್ಮ ಗಾಜಿನ ಗೂಡು ಸಭಾಂಗಣದ ಬೆನ್ನಿಗೆ, ಕೊಂಚ ಎತ್ತರದಲ್ಲಿ.
ಇಲ್ಲಿಂದ ನನಗೆ ದೇಶಗಳ ನೆತ್ತಿಯಷ್ಟೇ ಕಾಣುವುದು.

ಬೆಳಗಿನಿಂದ ಗೋಧಿಯ ಮಾತು.
ಗೋಧಿಗೆ ಇಪ್ಪತ್ತು ನಿಮಿಷ, ಸೋಯಾಗೆ ಇಪ್ಪತ್ತು,
ಸಬ್ಸಿಡಿಯನ್ನು ಎಷ್ಟು ಸಲ ಫ್ರೆಂಚಿಗೆ ದಾಟಿಸಿದೆನೋ
ನಾಲಿಗೆ ಲೆಕ್ಕವಿಟ್ಟಿಲ್ಲ.
ಊಟದ ಹೊತ್ತಾಗಿ ಅರ್ಧ ಕುರ್ಚಿ ಬರಿದಾದ ಮೇಲೆ
ಅಧ್ಯಕ್ಷರು ಕನ್ನಡಕ ಏರಿಸಿ ಓದಿದರು: ಕಿರಿಬಾಟಿ.
ಕಿರಿಬಾಸ್, ಎಂದಿತು ಕೊನೆಯ ಸಾಲಿನ ಮೈಕು.
ತಿದ್ದಲು ಹೋದದ್ದು ಮೂರು ಸೆಕೆಂಡು,
ಇದ್ದದ್ದು ಮೂರು ನಿಮಿಷ.

ಇಯೋತೇಬ ಅವನ ಹೆಸರು. ಎರವಲು ಕೋಟು, ತೋಳು ಗಿಡ್ಡ.
ಕೈಯಲ್ಲಿ ಕಾಗದವಿಲ್ಲ. (ಮೊದಲೇ ಕೊಟ್ಟರೆ ನಮಗೆ ಅನುಕೂಲ;
ನಿಯಮವೂ ಹೌದು.)
"ನಮ್ಮಲ್ಲಿ ಹೊಲವಿಲ್ಲ," ಎಂದ. "ಗುಂಡಿ ಇದೆ.
ಅಜ್ಜನ ಅಜ್ಜ ಹವಳದ ಕಲ್ಲು ಒಡೆದು ತೋಡಿದ್ದು,
ಉಪ್ಪಿನ ಮೇಲೆ ತೇಲುವ ಸಿಹಿನೀರು ಸಿಗುವ ತನಕ.
ಅದರೊಳಗೆ ಬಬಾಯಿ."

ತಡವರಿಸಿದೆ.
ನನ್ನ ಪದಪಟ್ಟಿಯಲ್ಲಿ ಕೋಟಾ ಇದೆ, ಸುಂಕವಿದೆ,
ಹದಿನೇಳು ಬಗೆಯ ರಿಯಾಯಿತಿ ಇದೆ.
ಕೆಸುವಿನ ದೊಡ್ಡಪ್ಪನ ಮಗನೋ ಏನೋ ಅಂದುಕೊಂಡು
"ಒಂದು ಜಾತಿಯ ಗೆಡ್ಡೆ" ಎಂದುಬಿಟ್ಟೆ.

ಇಯರ್‌ಫೋನನ್ನು ಒಂದೇ ಕಿವಿಗೆ ಒತ್ತಿಕೊಂಡಿದ್ದವನು
ತಿರುಗಿ ಗಾಜಿನತ್ತ ನೋಡಿದ.
"ಬರಿ ಗೆಡ್ಡೆಯಲ್ಲ," ಎಂದ, ಮೈಕಿನಲ್ಲೇ, ನನಗೆ.
"ತೂಗಿ ಮಾರುವುದಲ್ಲ. ಮದುವೆಗೆ ಅಗೆಯುವುದು.
ಬುಡದ ಸುತ್ತ ಕೇದಗೆಯ ಗರಿಯ ತಳವಿಲ್ಲದ ಬುಟ್ಟಿ,
ಅದರೊಳಗೆ ಎಲೆಗೊಬ್ಬರ. ಯಾವ ಮರದ ಎಲೆ ಎಂದು
ನನ್ನ ತಾಯಿ ಸೊಸೆಗೂ ಹೇಳಿಲ್ಲ."

ಯಾರೋ ನಕ್ಕರು. ನಾನು ದಾಟಿಸಿದೆ:
ತಾಯಿ. ಸೊಸೆ. ಬುಟ್ಟಿ.
ಆ ಮೈಕಿನಲ್ಲಿ ಇವನ್ನು ನುಡಿದು ವರ್ಷಗಳಾಗಿದ್ದವು.

"ಮಾರ್ಚಿಯಲ್ಲಿ ಅಲೆ ರಸ್ತೆ ದಾಟಿತು.
ಅಂದಿನಿಂದ ತಾಯಿ ಬೆಳಗಾದರೆ ಗುಂಡಿಗಿಳಿದು
ಬೆರಳದ್ದಿ ನೆಕ್ಕುತ್ತಾಳೆ.
ಸೋಮವಾರ ಉಗುಳಿದಳು. ಮಂಗಳವಾರ ಉಗುಳಿದಳು.
ಬುಧವಾರ ಉಗುಳಲಿಲ್ಲ, ರೂಢಿಯಾಯಿತು ಎಂದಳು.
ನನಗೆ ಹೆದರಿಕೆಯಾದದ್ದು
ಬುಧವಾರ"

ಕೆಂಪು ದೀಪ.
ಅಧ್ಯಕ್ಷರು ಧನ್ಯವಾದ ಹೇಳಿದರು, ಮತ್ತೆ ಕಿರಿಬಾಟಿಗೇ.

ಸಂಜೆ ವರದಿಯ ಕರಡು ಬಂತು. ಪುಟ ನಲವತ್ತೊಂದರಲ್ಲಿ
ಒಂದು ಸಾಲು: ದ್ವೀಪರಾಷ್ಟ್ರವೊಂದು ಗೆಡ್ಡೆ ಬೆಳೆಗಳ ಬಗ್ಗೆ
ಕಳವಳ ವ್ಯಕ್ತಪಡಿಸಿತು.
ಕಳವಳ ಅವರದ್ದು. ಗೆಡ್ಡೆ ನನ್ನದು.

ಗುಮಾಸ್ತೆ ಒಳ್ಳೆಯವಳು. ತಿದ್ದೋಣ, ಎಂದಳು,
ಅಕ್ಷರ ಹೇಳು. ನನಗೆ ಗೊತ್ತಿರಲಿಲ್ಲ.
ಓಡಿದೆ. ರೋಮಿನ ಆ ಜಿಟಿಜಿಟಿಯಲ್ಲಿ
ಮೆಟ್ರೋ ಮೆಟ್ಟಿಲ ಮೇಲೆ ನಿಂತು ಕೋಟು ಕಳಚುತ್ತಿದ್ದ.
ನನ್ನ ದನಿ ಗುರುತಿಸಿದ, ಮುಖವನ್ನಲ್ಲ.

ಟಿಕೆಟಿನ ಹಿಂದೆ ಬರೆದುಕೊಟ್ಟ, ಐದೇ ಅಕ್ಷರ.
ಕೊಟ್ಟವನು ಮತ್ತೆ ಇಸಕೊಂಡು ನೋಡಿ, ಕೇಳಿದ:
"ನಿಮ್ಮವರು ಇದಕ್ಕೆ ಬಹುವಚನ ಹಚ್ಚುತ್ತಾರೇನು?
ಬೇಡ ಅನ್ನಿ.
ಅಷ್ಟು ಉಳಿದಿಲ್ಲ."